ಬೀರಣ್ಣನ ಹುತುತು

ನಾಲ್ಕನೆಯ ವರ್ಷದಲ್ಲಿ ಜ್ವರ ಬಂದು ಬೀರಣ್ಣನ ಎರಡೂ ಕಿವಿ ಹೋದವು. ಆಗಷ್ಟೇ ಬರುತ್ತಿದ್ದ ಮಾತೂ ನಿಂತಿತು. ಖಾನಾಪುರದ ಹೊರಗೆ ಕುರಿ ಕಾಯುತ್ತ ಬೆಳೆದ. ಹತ್ತೊಂಬತ್ತು ತುಂಬುವ ಹೊತ್ತಿಗೆ ಒಳ್ಳೆಯ ಕಟ್ಟುಮಸ್ತಾದ ಆಳಾಗಿದ್ದ. ಅವನ ಕೈಸನ್ನೆ ಪೂರ್ತಿ ತಿಳಿಯುತ್ತಿದ್ದುದು ತಾಯಿ ಸಿದ್ದಕ್ಕನಿಗೆ ಮಾತ್ರ.

೧೯೨೬ರ ದೀಪಾವಳಿ ಕಳೆದ ಮೇಲೆ ಒಂದು ದಿನ ತಾಯಿ-ಮಗ ಮಲಪ್ರಭೆಯಲ್ಲಿ ಕುರಿ ತೊಳೆಯುತ್ತಿದ್ದರು. ಒಂದು ಕುರಿ ಮಡುವಿಗೆ ಜಾರಿ ಮುಳುಗಿತು. ಬೀರಣ್ಣ ಹಿಂದೆಯೇ ಮುಳುಗಿದ. ದಂಡೆಯ ಮೇಲೆ ಹೋಗುತ್ತಿದ್ದ ಶಾಲೆಯ ಮಾಸ್ತರ ಮಾರ್ತಾಂಡ ನಿಂತು ನೋಡಿದ. ನೀರು ಸುಮ್ಮನಾಯಿತು. ಮಾಸ್ತರ ಅಂಗಿ ಕಳಚಿ ಇನ್ನೇನು ನೀರಿಗೆ ಇಳಿಯಬೇಕು, ಅಷ್ಟರಲ್ಲಿ ಬೀರಣ್ಣ ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದು ಬಂದ. ಏದುಸಿರು ಕೂಡ ಇರಲಿಲ್ಲ.

ಮಾರ್ತಾಂಡ ಊರಿನ ಹುತುತು ತಂಡದ ನಾಯಕ. ‘ಹುತುತು’ ಎನ್ನುತ್ತ ಒಂದೇ ಉಸಿರಿನಲ್ಲಿ ಎದುರಾಳಿಗಳ ಅಂಗಳಕ್ಕೆ ನುಗ್ಗಿ, ಅವರನ್ನು ಮುಟ್ಟಿ, ಉಸಿರು ಮುರಿಯುವುದರೊಳಗೆ ನಡುಗೆರೆಗೆ ಮರಳುವ ಆಟದಲ್ಲಿ ಇಂಥ ದಮ್ಮು ಯಾರಿಗೆ ಬೇಡ?

“ಸಿದ್ದಕ್ಕಾ, ನಿನ್ನ ಮಗನ್ನ ನಮ್ಮ ಕೂಡ ಆಡಾಕ ಕಳಸ್ತಿಯೇನು?”

“ಅವಗ ಕಿವಿ ಕೇಳಂಗಿಲ್ರಿ ಮಾಸ್ತರ. ಮಾತೂ ಇಲ್ಲ.”

“ಆಟಕ್ಕ ಕಿವಿ ಯಾಕ ಬೇಕು? ದಮ್ಮು ಐತೆಲ್ಲ, ಸಾಕು.”

ಆ ಮಾತನ್ನು ಮಾಸ್ತರ ಯೋಚಿಸದೆ ಆಡಿದ್ದ. ಆದರೆ ಮೊದಲು ಬಂದ ತಕರಾರು ಕಿವಿಯದಲ್ಲ, ಬಾಯಿಯದು. ಬೀರಣ್ಣನಿಗೆ ‘ಹುತುತು’ ಎನ್ನಲು ಬರುತ್ತಿರಲಿಲ್ಲ, ‘ಹೂಂ’ ಎಂದು ಗುಂಯ್‌ಗುಡುತ್ತಿದ್ದ. ದೇಸೂರಿನ ಗುರುಪಾದಪ್ಪ ಈ ಭಾಗದ ಪಂದ್ಯಗಳಲ್ಲೆಲ್ಲ ತೀರ್ಪು ಕೊಡುವ ಪಂಚ. ಅವನು ಬೀರಣ್ಣನನ್ನು ಮುಂದೆ ನಿಲ್ಲಿಸಿಕೊಂಡು ಒಮ್ಮೆ ಕೇಳಿ ನೋಡಿದ. “ದನಿ ಕಡೀದಂಗ ಬರಾಕತ್ತೈತಿ. ನನಗ ಅಷ್ಟ ಸಾಕು,” ಎಂದ. ಬೀರಣ್ಣ ತಂಡಕ್ಕೆ ಸೇರಿದ.

ಹೋಳಿ ಮುಗಿದ ಮರುವಾರ ಬೆಳಗಾವಿಯ ತಂಡ ಖಾನಾಪುರಕ್ಕೆ ಬಂತು. ಬೀರಣ್ಣ ಮೊದಲ ಎರಡು ಸಲ ನುಗ್ಗಿ ಮೂವರನ್ನು ಮುಟ್ಟಿ ಬಂದ. ಮೂರನೆಯ ಸಲ ಅವಧೂತನೆಂಬ ಹುಡುಗ ಅವನ ಕಾಲು ಹಿಡಿದ. ಎಳೆದಾಟದಲ್ಲಿ ಬೀರಣ್ಣನ ಹಿಮ್ಮಡಿ ಪಕ್ಕದ ಗೆರೆ ದಾಟಿತು. “ಬಾದ್!” ಎಂದು ಗುರುಪಾದಪ್ಪ ಕೂಗಿದ. ಅವನು ಆಟದಿಂದ ಹೊರಬಿದ್ದನೆಂದು ಬೆಳಗಾವಿಯವರು ಕೈ ಸಡಿಲಿಸಿದರು. ಹಿಡಿತ ಸಡಿಲಾದದ್ದಷ್ಟೇ ಬೀರಣ್ಣನಿಗೆ ಗೊತ್ತಾಯಿತು. ಇದ್ದ ಬಲವನ್ನೆಲ್ಲ ಹಾಕಿ ನಡುಗೆರೆಯ ಕಡೆಗೆ ಹಾರಿದ. ಅವನ ಕಾಲು ಅವಧೂತನ ಬಲ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದ ಸಪ್ಪಳ ಸುತ್ತ ನಿಂತವರಿಗೆಲ್ಲ ಕೇಳಿಸಿತು.

ಬೀರಣ್ಣ ಗೆರೆ ಮುಟ್ಟಿ, ನಗುತ್ತ ಎರಡೂ ಕೈ ಎತ್ತಿದ. ತಿರುಗಿ ನೋಡಿದಾಗ ಎಲ್ಲರ ಬಾಯಿ ಅವನ ಕಡೆಗೇ ತೆರೆದಿತ್ತು.

“ಕಿವುಡನ್ನ ಯಾಕ ತಂದ್ರಿ?” ಎಂದು ಬೆಳಗಾವಿಯವರು ಜಗಳ ತೆಗೆದರು. ಮಾರ್ತಾಂಡ ಸಂಜೆ ಸಿದ್ದಕ್ಕನ ಮನೆಗೆ ಹೋಗಿ, “ಇನ್ನ ಮ್ಯಾಲೆ ಅವನ್ನ ಕಳಸಬ್ಯಾಡ,” ಎಂದು ಹೇಳಿ, ನಿಲ್ಲದೆ ಹೊರಟುಹೋದ.

ಬೀರಣ್ಣ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ತನ್ನ ಮಣಿಕಟ್ಟನ್ನು ಬಾಗಿಸಿ ತೋರಿಸಿ, ರೈಲು ಹಳಿಯ ಕಡೆಗೆ ಕೈ ಮಾಡುತ್ತಿದ್ದ. ಮೂರನೆಯ ದಿನ ಸಿದ್ದಕ್ಕ ಕುರಿಗಳನ್ನು ತನ್ನ ತಮ್ಮನಿಗೆ ಒಪ್ಪಿಸಿ, ಒಂದು ಗಿಂಡಿ ತುಪ್ಪ ಹಿಡಿದುಕೊಂಡು ಮಗನೊಂದಿಗೆ ಬೆಳಗಾವಿಯ ರೈಲು ಹತ್ತಿದಳು.

ಅವಧೂತನ ಮನೆ ಅನಂತಶಯನ ಗಲ್ಲಿಯಲ್ಲಿತ್ತು. ಅವನು ವಕೀಲರೊಬ್ಬರ ಬಳಿ ಕಾರಕೂನ, ದಿನವಿಡೀ ಬರೆಯುವ ಕೆಲಸ. ಆ ಕೈಗೆ ಈಗ ಬಿದಿರಿನ ದಬ್ಬೆ ಕಟ್ಟಿತ್ತು. ಬಾಗಿಲಲ್ಲಿ ಬೀರಣ್ಣನನ್ನು ನೋಡಿದ್ದೇ ಅವನ ಮುಖ ಬಿಗಿಯಿತು. ಅವನ ತಾಯಿ ಕೃಷ್ಣಾಬಾಯಿಯೇ “ಒಳಗ ಬರ್ರಿ, ಕುಂದರ್ರಿ,” ಎಂದು ಚಾಪೆ ಹಾಸಿದರು. ಬೀರಣ್ಣ ಕೂಡಲಿಲ್ಲ. ಅವಧೂತನ ಕೈಯನ್ನೇ ನೋಡುತ್ತ ನಿಂತ. ಕಣ್ಣಲ್ಲಿ ನೀರು ತುಂಬಿತ್ತು.

“ಪಂಚರು ಎಷ್ಟ ಜೋರ ಒದರಿದ್ರು,” ಎಂದ ಅವಧೂತ. “ಊರಿಗೆಲ್ಲಾ ಕೇಳಿಸ್ತು.”

“ಊರಿಗೆಲ್ಲಾ ಕೇಳಿಸ್ತ್ರಿ ರಾಯರ. ಇವಗ ಕೇಳಲಿಲ್ಲ. ನೀವು ಕೈ ಸಡಲ ಬಿಟ್ರಿ, ತಾನು ಬಿಡಿಸಿಕೊಂಡೆ ಅಂತ ತಿಳದಾನ. ನಿಮ್ಮ ಕೈ ಕಾಲಾಗ ಸಿಕ್ಕಿದ್ದೂ ಆಮ್ಯಾಲೆ ನೋಡ್ಯಾನ.”

ಅವಧೂತ ಬೀರಣ್ಣನ ಕಡೆಗೆ ತಿರುಗಿದ. “ಅವಗ ಕೇಳಂಗಿಲ್ಲ ಅಂತ ನಮಗೆಲ್ಲಾರಿಗೂ ಗೊತ್ತಿತ್ತು,” ಎಂದ. “ಗೊತ್ತಿದ್ದೂ ಒದರಿದ್ವಿ. ಅಲ್ಲವ್ವಾ, ಅಡವ್ಯಾಗ ಇವನ್ನ ಹೆಂಗ ಕರೀತಿ?”

“ಡೊಳ್ಳು ಬಡೀತೀನ್ರಿ. ಹತ್ರ ಇದ್ರ ತಿರುಗಿ ನೋಡ್ತಾನ. ಎದಿಯಾಗ ಗುದ್ದಿದಂಗ ಆಕ್ಕೈತಂತ.”

ನಾಲ್ಕು ದಿನಗಳ ನಂತರ ಮಾರ್ತಾಂಡನಿಗೆ ಒಂದು ಕಾರ್ಡು ಬಂತು. ಎಡಗೈಯಲ್ಲಿ ಬರೆದ ಅಕ್ಷರಗಳು ಸೊಟ್ಟಸೊಟ್ಟಗೆ ಓಡಿದ್ದವು. ಮೇ ತಿಂಗಳಲ್ಲಿ ಬೆಳಗಾವಿಯಲ್ಲಿ ನಡೆಯುವ ಪಂದ್ಯಕ್ಕೆ ಬೀರಣ್ಣನನ್ನು ಕರೆತರಬೇಕು, ಜೊತೆಗೆ ಡೊಳ್ಳನ್ನೂ ತರಬೇಕು ಎಂದಿತ್ತು. ಮಾಸ್ತರ ಅದನ್ನು ಎರಡು ಸಲ ಓದಿದ. ಆ ಸಂಜೆಯೇ ಸಿದ್ದಕ್ಕನ ಮನೆಗೆ ಹೋದ.

“ಕರಕೊಂಡು ಹೋದವನೂ ನಾನ, ಬ್ಯಾಡ ಅಂದವನೂ ನಾನ. ನಡುವ ಒಂದ ಮಾತು ನಿನ್ನ ಕೇಳಬೇಕಿತ್ತು,” ಎಂದ.

“ಈಗ ಕೇಳ್ರಿ,” ಎಂದಳು ಸಿದ್ದಕ್ಕ.

ಮರುದಿನ ಬಯಲಿನಲ್ಲಿ ಪರೀಕ್ಷೆ ಮಾಡಿದರು. ಹದಿನೈದು ಹೆಜ್ಜೆಯೊಳಗೆ ಡೊಳ್ಳು ಬಡಿದರೆ ಬೀರಣ್ಣ ಓಡುತ್ತಿದ್ದಲ್ಲೇ ನಿಲ್ಲುತ್ತಿದ್ದ. ಮೂವತ್ತಾದರೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಪಕ್ಕದ ಗೆರೆಗೆ ಹತ್ತಿಕೊಂಡೇ ಡೊಳ್ಳು ಇಡುವುದು, ಪಂಚ ಕೈ ಎತ್ತಿದರೆ ಒಂದೇ ಪೆಟ್ಟು ಹಾಕುವುದು ಎಂದು ನಿಶ್ಚಯವಾಯಿತು. ಗುರುಪಾದಪ್ಪ ಒಪ್ಪಿದ. ಬೆಳಗಾವಿಯ ಕೆಲವರು ಗೊಣಗಿದರು. “ಕೈ ಮುರಿದದ್ದು ನಂದು. ನಾನ ಒಪ್ಪೀನಿ, ನಿಮಗೇನಾತು?” ಎಂದು ಅವಧೂತ ಅವರ ಬಾಯಿ ಮುಚ್ಚಿಸಿದ. ಅವನಿಗೆ ಇನ್ನೂ ಆಡಲು ಆಗುತ್ತಿರಲಿಲ್ಲ. ಎಡಗೈಯಲ್ಲಿ ಡೊಳ್ಳಿನ ಕೋಲು ಹಿಡಿದು ಗೆರೆಯ ಬಳಿ ಕುಳಿತ.

ಪಂದ್ಯ ಕೊನೆಯವರೆಗೂ ಸರಿಸಮನಾಗಿ ನಡೆಯಿತು. ಕೊನೆಯ ಸರದಿ ಬೀರಣ್ಣನದು. ಇಬ್ಬರನ್ನು ಮುಟ್ಟಿ, ಪಕ್ಕದ ಗೆರೆಯಂಚಿಗೆ ನುಸುಳಿಕೊಂಡು ಓಡಿ ಬರುತ್ತಿದ್ದ. ನಡುಗೆರೆಗೆ ಒಂದೇ ಹೆಜ್ಜೆ ಇತ್ತು. ಗುರುಪಾದಪ್ಪನ ಕೈ ಮೇಲೆದ್ದಿತು. ಡೊಳ್ಳಿಗೆ ಪೆಟ್ಟು ಬಿತ್ತು. ಬೀರಣ್ಣ ಇದ್ದ ಜಾಗದಲ್ಲೇ ನಿಂತ.

ಖಾನಾಪುರದಿಂದ ಬಂದ ಜನ ಎದ್ದು ನಿಂತು ಕೂಗಾಡಿದರು. “ಪಕ್ಕದ ಗೆರಿ ಮುಟ್ಟೇ ಇಲ್ಲ! ಇದು ಮೋಸ!” ಮಾರ್ತಾಂಡನೂ ಪಂಚನ ಕಡೆಗೆ ಧಾವಿಸಿದ. ಬೀರಣ್ಣ ಅವನ ತೋಳು ಹಿಡಿದು ನಿಲ್ಲಿಸಿ, ಬಲಗಾಲು ಮಡಚಿ ಹಿಮ್ಮಡಿ ತೋರಿಸಿದ. ಅಲ್ಲಿ ಗೆರೆಯ ಸುಣ್ಣ ಬೆಳ್ಳಗೆ ಹತ್ತಿತ್ತು. ಕೂಗಾಟ ನಿಂತಿತು. ಖಾನಾಪುರ ಸೋತಿತು.

ಅವಧೂತ ಎದ್ದು ಬಂದು ಎಡಗೈ ಚಾಚಿದ. ಬೀರಣ್ಣ ಅದನ್ನು ಎರಡೂ ಕೈಯಿಂದ ಮೆತ್ತಗೆ ಹಿಡಿದುಕೊಂಡ. ನಂತರ ಅವನ ಬಲಗೈಯ ಕಡೆಗೆ ನೋಡಿ ಹುಬ್ಬೇರಿಸಿದ.

“ಬರಿಯಾಕ ಬರತೈತಿ. ಪೂರ್ತಾ ಜೋರ ಇನ್ನೂ ಬಂದಿಲ್ಲ,” ಎಂದ ಅವಧೂತ. ಸಿದ್ದಕ್ಕ ಸನ್ನೆಯಲ್ಲಿ ತಿಳಿಸಿದಳು. ಬೀರಣ್ಣ ತಲೆಯಾಡಿಸಿದ.

ನಿಲ್ದಾಣದಲ್ಲಿ ರೈಲು ತಡವಾಗಿತ್ತು. ಆ ಒಂದು ತಿಂಗಳಲ್ಲಿ ಮಾರ್ತಾಂಡ ಹತ್ತಿಪ್ಪತ್ತು ಸನ್ನೆ ಕಲಿತಿದ್ದ. ಭಾನುವಾರ ಆಡಲು ಬರುತ್ತೀಯಾ ಎಂದು ಕೈಯಿಂದಲೇ ಕೇಳಿದ. ಬೀರಣ್ಣ ಉದ್ದಕ್ಕೆ ಏನೋ ಹೇಳಿದ. ಮಾಸ್ತರನಿಗೆ ಅರ್ಧವೂ ಹತ್ತಲಿಲ್ಲ.

“ಏನಂತಾನ?”

“ಮಳಿ ಹಿಡಿಯೂ ಮದಲ ಕುರಿ ಹೊಡಕೊಂಡು ಬೈಲಹೊಂಗಲ ಕಡಿ ಹೋಗಬೇಕಲ್ರಿ,” ಎಂದಳು ಸಿದ್ದಕ್ಕ. “ದಸರಾ ಆದಮ್ಯಾಲೆ ಬರತಾನಂತ. ಅಲ್ಲೀತನಕ ತನ್ನ ಜಾಗಾದಾಗ ಬ್ಯಾರೇದವ್ರನ್ನ ಹಾಕಬ್ಯಾಡ್ರಿ ಅಂತಾನ.”