ಬೆನಕಪ್ಪ ನುಂಗಿದ ಕಾಳು

೧

ಎಲ್ಲಿಂದ ಶುರು ಮಾಡಲಿ ಹೇಳಿ? ವಿಮಾನದಿಂದ ಮಾಡಿದರೆ ಪ್ರವಾಸ ಕಥನವಾಗುತ್ತದೆ, ಒಲೆಯಿಂದ ಮಾಡಿದರೆ ಅಡುಗೆ ಪುಸ್ತಕ. ಮೂರು ಆರಂಭ ಬರೆದು ಮೂರನ್ನೂ ಡಿಲೀಟ್ ಮಾಡಿದ ಮೇಲೆ ಬೆನಕಪ್ಪನೇ ಹೇಳಿದ: "ನನ್ನ ಹಲ್ಲಿಂದ ಶುರು ಮಾಡ್ರಿ."

ಸರಿ. ಹರಪನಹಳ್ಳಿಯ ಬೆನಕಪ್ಪ ಮೂವತ್ತು ವರ್ಷದಿಂದ ಮೆಕ್ಕೆಜೋಳದ ವ್ಯಾಪಾರಿ. ರಾಶಿಯಿಂದ ಒಂದು ಕಾಳು ಎತ್ತಿ, ಬಾಯಿಗೆ ಹಾಕಿ, ಕಟಕ್ ಅಂತ ಕಡಿದು, ತೇವ ಎಷ್ಟಿದೆ ಅಂತ ಹೇಳಿಬಿಡುತ್ತಾನೆ. ಆಮೇಲೆ ಥೂ ಅಂತ ಉಗುಳುತ್ತಾನೆ. ಲಕ್ಷ ಕಾಳು ಕಡಿದಿದ್ದಾನು, ಒಂದನ್ನೂ ನುಂಗಿಲ್ಲ. ಮನೆಯಲ್ಲಿ ಉಣ್ಣುವುದು ಬಿಳಿಜೋಳದ ರೊಟ್ಟಿ. ಮೆಕ್ಕೆಜೋಳ ಲಾರಿ ಹತ್ತಿ ಕೋಳಿ ಫಾರಂಗೆ ಹೋಗುತ್ತದೆ.

೨

ಬೆನಕಪ್ಪ ಕಾಳಿನ ಜೊತೆಗೆ ಬಿತ್ತನೆ ಬೀಜವನ್ನೂ ಮಾರುತ್ತಾನೆ. ಕಳೆದ ವರ್ಷ ಆ ಬೀಜದ ಕಂಪನಿ ತನ್ನ ಡೀಲರ್‌ಗಳನ್ನು ಹೆಂಡಿರ ಸಮೇತ ಮೆಕ್ಸಿಕೋಕ್ಕೆ ಕರೆದೊಯ್ಯಿತು. (ಬ್ಯಾಂಕಾಕ್ ಯಾಕಲ್ಲ ಅಂತ ಕೇಳಬೇಡಿ, ಅದು ಹಿಂದಿನ ವರ್ಷವೇ ಮುಗಿದಿತ್ತು.) ವಹಾಕಾ ಎಂಬ ಊರಿನಲ್ಲಿ ಒಂದು ಬೆಳಿಗ್ಗೆ ಉಳಿದವರೆಲ್ಲ ಶಾಪಿಂಗ್‌ಗೆ ಹೊರಟರೆ, ಬೆನಕಪ್ಪನ ಹೆಂಡತಿ ಪುಷ್ಪಲತಾ ಅಡುಗೆ ಕ್ಲಾಸಿಗೆ ಇಬ್ಬರ ಹೆಸರನ್ನೂ ಬರೆಸಿ ಬಂದಳು.

"ಅಡಿಗಿ ನಿನಗ ಬರ್ತೈತಲ್ಲ?"

"ನನಗ ಬರ್ತೈತಿ. ಇವತ್ತು ನಾ ಕುಂತು ನೋಡಾಕಿ. ನೀವು ಮಾಡ್ರಿ."

ಮೊದಲ ಡ್ರಾಫ್ಟಿನಲ್ಲಿ, ಅವಳ ಮುಖದ ಮೇಲೆ ಮೂವತ್ತು ವರ್ಷದ ದಣಿವು ಅಂತ ಇಲ್ಲೊಂದು ಉದ್ದನೆಯ ಪ್ಯಾರಾ ಇತ್ತು. "ಅದನ್ನ ತಗೀರಿ," ಅಂದಳು ಪುಷ್ಪಲತಾ. "ದಣಿವಲ್ಲ, ರಜಾ." ತೆಗೆದೆ.

೩

ಕ್ಲಾಸು ಅಂದರೆ ಹೊವಿತಾ ಎಂಬ ಮುದುಕಿಯ ಮನೆಯಂಗಳ. (ಪುಷ್ಪಲತಾ ಮೊದಲ ನಿಮಿಷದಿಂದಲೇ ಹೂವವ್ವ ಎಂದು ಕರೆದಳು.) ಮುದುಕಿಯ ಸ್ಪ್ಯಾನಿಷನ್ನು ಗೈಡ್ ಇಂಗ್ಲಿಷಿಗೆ ತಂದರೆ, ಆ ಇಂಗ್ಲಿಷನ್ನು ಪುಷ್ಪಲತಾ ಹರಪನಹಳ್ಳಿಗೆ ತರುತ್ತಿದ್ದಳು.

ಹೊವಿತಾ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಬೆನಕಪ್ಪ ಎದ್ದು ನಿಂತ. ಅವನ ಪ್ರಪಂಚದಲ್ಲಿ ಮೆಕ್ಕೆಜೋಳಕ್ಕೆ ಒಂದೇ ಬಣ್ಣ. ಇಲ್ಲಿ ನೇರಳೆ, ಕಪ್ಪು, ದಾಳಿಂಬೆ ಕೆಂಪು, ಮಳೆಮೋಡದ ನೀಲಿ.

"ಇವೆಲ್ಲ ನಮ್ಮ ಮೆಕ್ಕೆಜೋಳನಾ?" ಅಂದ, ಗುಡಿಯೊಳಗೆ ಮಾತಾಡುವಷ್ಟು ಮೆಲ್ಲಗೆ.

ಅಭ್ಯಾಸಬಲ ನೋಡಿ. ಒಂದು ನೀಲಿ ಕಾಳು ಬಾಯಿಗೆ ಹಾಕಿ ಕಡಿದ. "ಹನ್ನೆರಡು ಪರ್ಸೆಂಟು," ಅಂದು ಉಗುಳಲು ತಿರುಗಿದ. ಅಷ್ಟರಲ್ಲಿ ಹೊವಿತಾ ಒಂದು ಬೊಗಸೆ ಕಾಳನ್ನು ಬಾಯಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಹಾ... ಎಂದು ಬೆಚ್ಚಗೆ ಉಸಿರು ಬಿಟ್ಟು, ಸಿಪ್ಪೆ ಬಿಡಲೆಂದು ಸುಣ್ಣ ಹಾಕಿ ಕುದಿಸುತ್ತಿದ್ದ ನೀರಿಗೆ ಮೆಲ್ಲಗೆ ಇಳಿಬಿಟ್ಟಳು.

"ಯಾಕಂತ?"

"ಕಾಳು ಬೆಂಕಿಗೆ ಹೆದರಬಾರ್ದಂತ. ಅದಕ ಮೊದ್ಲು ಉಸಿರು ಕೊಡ್ತಾರಂತ. ಇವರವ್ವನೂ ಹಂಗ ಮಾಡ್ತಿದ್ಲಂತ," ಅಂದಳು ಪುಷ್ಪಲತಾ.

ಬೆನಕಪ್ಪ ಬಾಯಲ್ಲಿದ್ದುದನ್ನು ನುಂಗಿದ.

೪

"ನಿಮ್ಮೂರಲ್ಲಿ ಇದರಿಂದ ಏನು ಮಾಡ್ತೀರಿ?" ಎಂದು ಹೊವಿತಾ ಕೇಳಿದಳು. ಪುಷ್ಪಲತಾ ಗಂಡನ ಮುಖ ನೋಡಿದಳು.

ಇಲ್ಲಿ ನಾನೊಂದು ಸುಳ್ಳು ಬರೆದಿದ್ದೆ: ಹಬ್ಬಕ್ಕೆ ಪಾಯಸ ಮಾಡ್ತೀವಿ. ಎಲ್ಲರ ಮಾನವೂ ಉಳಿಯುತ್ತಿತ್ತು. ಬೆನಕಪ್ಪ ಒಪ್ಪಲಿಲ್ಲ.

"ತೂಕದಾಗ ನಾ ಸುಳ್ಳು ಹೇಳಿಲ್ಲ. ಇಲ್ಯಾಕ ಹೇಳ್ಲಿ?"

("ಒಂದು ಸಲಾನೂ?" ಎಂದು ಕೇಳಿದೆ. "ಮುಂದ ಬರೀರಿ," ಅಂದ.)

ತಾನೇ ಇಂಗ್ಲಿಷಿನಲ್ಲಿ ಹೇಳಿದ: "ಚಿಕನ್. ಚಿಕನ್ ಈಟ್. ವಿ ನಾಟ್ ಈಟ್." ಚಪ್ಪಲಿ ಕಾಲಿನಲ್ಲೇ ರಾಶಿಯ ಮೇಲೆ ಓಡಾಡುತ್ತೇವೆ ಎಂಬುದನ್ನೂ ಪುಷ್ಪಲತಾಳಿಂದ ಹೇಳಿಸಿದ.

ಮುದುಕಿ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಅವನ ಪಾದಗಳನ್ನೇ ನೋಡಿದಳು. ಆಮೇಲೆ ಅವನ ಎರಡೂ ಕೈಗೆ ಕಾಳು ಸುರಿದು, ನೀನೂ ಉಸಿರು ಕೊಡು ಎಂದು ಸನ್ನೆ ಮಾಡಿದಳು.

ಬೆನಕಪ್ಪನಿಗೆ ಉಸಿರೇ ಬರಲಿಲ್ಲ. ಮಾರ್ಕೆಟ್ ಯಾರ್ಡಿನ ಈ ತುದಿಯಿಂದ ಆ ತುದಿಗೆ ಕೂಗಿ ಲಾರಿ ನಿಲ್ಲಿಸುವ ಗಂಡಸು. ಕೊನೆಗೆ ಬಂತು, ಎರಡು ಕಂತಿನಲ್ಲಿ.

(ಅತ್ತ ಅಂತ ಬರೆಯಲೇ? "ಬ್ಯಾಡ್ರಿ." ಬರೆಯುವುದಿಲ್ಲ.)

೫

ಹೊವಿತಾ ಹಿಂದಿನ ದಿನವೇ ಬೇಯಿಸಿ ನೆನೆಸಿಟ್ಟಿದ್ದ ಕಾಳನ್ನು ಬೆನಕಪ್ಪ ಮೊಣಕಾಲೂರಿ ಕಲ್ಲಿನ ಮೇಲೆ ಅರೆದ. ತಟ್ಟಿದ. ಮೊದಲನೆಯದು ಕೈಯಲ್ಲೇ ಹರಿಯಿತು, ಎರಡನೆಯದು ಹೆಂಚಿಗೆ ಅಂಟಿತು. ಪುಷ್ಪಲತಾಳ ಬೆರಳುಗಳು ತೊಡೆಯ ಮೇಲೆ ತಾವಾಗಿ ತಟ್ಟುತ್ತಿದ್ದವು. ಆದರೂ ಅವಳು ಎದ್ದು ಬರಲಿಲ್ಲ. ಮೂರನೆಯದು, ಒಂದು ಅಂಚು ಸೀಳಿದ್ದರೂ, ಹೆಂಚಿನ ಮೇಲೆ ನಿಧಾನಕ್ಕೆ ಉಬ್ಬಿ ನಿಂತಿತು. ನೀಲಿ ರೊಟ್ಟಿ.

ಬೆನಕಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಇಷ್ಟು ವರ್ಷ ತನ್ನ ಅಂಗಡಿ ಮುಂದೆ ಗುಡ್ಡದಂತೆ ಬಿದ್ದಿದ್ದ ಕಾಳಿನೊಳಗೆ ಇದು ಇತ್ತೇ?

೬

ಈಗ ಮುಕ್ತಾಯ. ಊರಿಗೆ ನೀಲಿ ಬೀಜ ತಂದು ಬಿತ್ತಿದ ಅನ್ನೋಣವೇ? ("ಏರ್‌ಪೋರ್ಟಿನಾಗ ಬಿಡಂಗಿಲ್ರಿ.") ಫಾರಂಗೆ ಮಾರುವುದನ್ನೇ ನಿಲ್ಲಿಸಿದ? ("ಉಪಾಸ ಬೀಳಲೇನು?") ಹಾಗಾದರೆ ಏನೂ ಬದಲಾಗಲಿಲ್ಲ ಎಂದುಬಿಡಲೇ? ("ರೊಟ್ಟಿ ಇನ್ನಾ ಹೆಂಚಿನ ಮ್ಯಾಲೈತ್ರಿ.")

ಅಂಗಳಕ್ಕೇ ವಾಪಸ್ ಹೋಗೋಣ. ಬೆನಕಪ್ಪ ಆ ರೊಟ್ಟಿಯನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತಾ ತಂದು ಹೆಂಡತಿಯ ಮುಂದೆ ಹಿಡಿದ. ಮದುವೆಯಾದ ಮೇಲೆ ಗಂಡನ ಕೈಯ ಮೊದಲ ರೊಟ್ಟಿ. ಅವಳು ಮುರಿದು ಬಾಯಿಗಿಟ್ಟಳು.

"ಹೆಂಗೈತಿ?" ಅಂದ.

ಹೇಗಿದೆ ಎಂದು ನಾನೂ ಕೇಳಿದೆ, ಕಥೆ ಮುಗಿಸಬೇಕಲ್ಲ.

ಪುಷ್ಪಲತಾ ಇಬ್ಬರಿಗೂ ಕೈ ಅಡ್ಡ ಹಿಡಿದಳು.

"ಉಣ್ಣಾಕತ್ತೇನಿ. ಸುಮ್ನ ಇರ್ರಿ ಇಬ್ರೂ."