ಬೂದಿ ಮೆತ್ತಿದ ಉಡಿ

ಎಪ್ಪತ್ತೆರಡನೆಯ ಇಸವಿ. ಮಳೆ ತನ್ನ ತಿಂಗಳುಗಳನ್ನೇ ಮರೆತು ಎರಡು ವರ್ಷವಾಗಿತ್ತು. ಪಾರಿಶ್ವಾಡದ ಸಂಗವ್ವನ ಮನೆಯಲ್ಲಿ ಉಳಿದದ್ದು ರೇಶನ್ನಿನ ಕೆಂಪು ಜೋಳ, ಮತ್ತು ಬೂದಿ ಬೆರೆಸಿ ಬಾಯಿ ಕಟ್ಟಿಟ್ಟ ಸಣ್ಣ ಗಡಿಗೆಯಲ್ಲಿ ಬೀಜದ ಬಿಳಿಜೋಳ. ಕೆಂಪು ಜೋಳದ ರೊಟ್ಟಿ ತಟ್ಟಿದರೆ ಒಡೆಯುತ್ತಿತ್ತು, ತಿಂದರೆ ಗಂಟಲಲ್ಲೇ ಕೂರುತ್ತಿತ್ತು. ಆದರೂ ಸಂಗವ್ವ ಗಡಿಗೆ ಮುಟ್ಟಿರಲಿಲ್ಲ. ಹಿಂಗಾರಿಗಾದರೂ ಮಳೆ ಬಂದರೆ ಬಿತ್ತಲು ಅದೊಂದೇ ಗತಿ.

ಶ್ರಾವಣದಲ್ಲಿ ಬಸುರಿ ಮಗಳು ಶಿವಬಸವ್ವ ಬಂದಳು. ಶಹರದ ರವಿವಾರ ಪೇಟೆಯ ಬಟ್ಟೆ ಅಂಗಡಿಯವರ ಸೊಸೆ. ತಿರುಗಿ ಹೊರಟಾಗ ಉಡಿ ತುಂಬಬೇಕಲ್ಲ! ಗಂಡನಿಲ್ಲದ ಸಂಗವ್ವ ತಾನು ತುಂಬುವ ಹಾಗಿಲ್ಲ, ನೆರೆಮನೆಯ ರೇಣವ್ವನನ್ನು ಕರೆದಳು.

"ರೇಶನ್ ಜೋಳಾನ ಹಾಕೂಣು ಬಿಡ. ಯಾರ ನೋಡ್ತಾರ?" ಎಂದಳು ರೇಣವ್ವ.

"ಎರಡ ಜೀವದಾಕಿ ಅದಾಳ. ಆಕಿ ಉಡ್ಯಾಗ ಸರಕಾರದ ಜೋಳ ಹಾಕ್ಲೇನು?"

ಸಂಗವ್ವನಿಗೆ ಬಡತನವೂ ಹೊಸದಲ್ಲ, ಬಿಗುಮಾನವೂ ಹೊಸದಲ್ಲ. ಒಳಗೆ ಹೋಗಿ ಗಡಿಗೆ ಬಿಚ್ಚಿ, ಗಡಿಬಿಡಿಯಲ್ಲೇ ಮೊರದಿಂದ ಕೇರಿ ತಂದಳು. ರೇಣವ್ವ ಐದು ಬೊಗಸೆ ಹಾಕುವಷ್ಟರಲ್ಲಿ ಬೀಜವೆಲ್ಲ ಮುಗಿಯಿತು.

ಹಿಂಗಾರಿನ ಹಸ್ತಾ ಮಳೆ ಸುರಿದೇ ಬಿಟ್ಟಿತು. ಊರೆಲ್ಲ ಕೂರಿಗೆ ಹೊರಗೆ ತೆಗೆಯಿತು. ಸಂಗವ್ವ ಹೊಸ್ತಿಲಲ್ಲಿ ಕೂತಳು. ಬೀಜ ಯಾರಲ್ಲೂ ಮಿಕ್ಕುವಷ್ಟಿರಲಿಲ್ಲ. ಕೇಳಲು ಇವಳಿಗೆ ನಾಲಿಗೆಯೂ ಏಳಲಿಲ್ಲ.

ಮರುದಿನ ಶಿವಬಸವ್ವ ತುಂಬಿದ ಹೊಟ್ಟೆ ಹೊತ್ತು, ಖಾನಾಪುರದಲ್ಲಿ ಬಸ್ಸು ಬದಲಿಸಿ, ಗಂಟಿನೊಂದಿಗೆ ಬಂದಿಳಿದಳು.

"ಅವತ್ತ ಉಡಿ ಬಿಚ್ಚಿದಾಗ ಕೈಗೆಲ್ಲಾ ಬೂದಿ ಹತ್ತಿತು. ಬೀಜದ ಕಾಳಂತ ಗೊತ್ತಾತವ್ವ. ಬೀಸಾಕ ಮನಸಾಗಲಿಲ್ಲ."

ಸಂಗವ್ವ ಹೆದರಿ ಹಿಂದೆ ಸರಿದಳು. "ಉಡಿ ತುಂಬಿದ ಕಾಳು ತವರಿಗೆ ತಿರುಗಿ ಬರಬಾರದು. ಕೂಸಿಗೆ ಒಳ್ಳೇದಲ್ಲ."

"ತಿರುಗಿ ಕೊಡಾಕ ಬಂದಿಲ್ಲ. ನಿನ್ನ ಉಡಿ ತುಂಬಾಕ ಬಂದೀನಿ. ಸೆರಗ ಹಿಡಿ."

"ಹುಚ್ಚಿ! ನಿಮ್ಮಪ್ಪ ಹೋದಮ್ಯಾಲೆ ನನಗ ಯಾರ ಉಡಿ ತುಂಬ್ಯಾರ?"

"ಯಾರೂ ತುಂಬಿಲ್ಲ. ಅದಕ್ಕ ನಾ ತುಂಬತೀನಿ."

ಬಾಗಿಲಲ್ಲಿ ರೇಣವ್ವ ನಿಂತಿದ್ದಳು, ಎಲ್ಲ ಕೇಳಿಸಿಕೊಂಡು. ಸಂಗವ್ವ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು. ಬೈಯಲೆಂದು ಬಾಯಿ ತೆರೆದ ರೇಣವ್ವ ಬಸುರಿ ಚಾಚಿದ ಕಾಳಿನ ಬೊಗಸೆ ನೋಡಿದಳು.

"ಹಿಡಿಯವ್ವ, ಹೊಲದ ಹದ ಆರಾಕತ್ತೈತಿ," ಎಂದಳು.

ಸಂಗವ್ವ ಎರಡೂ ಕೈಯಿಂದ ಸೆರಗು ಹಿಡಿದಳು. ಕಾಳು ಉಡಿಗೆ ಬೀಳುತ್ತಿದ್ದಂತೆ ದನಿ ತೆಗೆದು ಅತ್ತಳು.

ಬೆಳಿಗ್ಗೆ ರೇಣವ್ವನ ಮನೆಯ ಕೂರಿಗೆಯ ಹಿಂದೆ ನಡೆಯುತ್ತ, ಉಡಿಯಿಂದ ಕಾಳು ತೆಗೆತೆಗೆದು ಬಿತ್ತಿದಳು. ಅರ್ಧ ಹೊಲಕ್ಕೇ ಬೀಜ ಮುಗಿಯಿತು. ಸಂಗವ್ವ ಮಾತ್ರ ಮನೆ ಮುಟ್ಟುವ ತನಕ ಉಡಿ ಬಿಚ್ಚಲಿಲ್ಲ.