ಆನೆ ಮನೆಗೆ ಬರುವ ಹೊತ್ತು

ಅದೋ, ಮತ್ತೆ ಎದ್ದಿತು ಪಾದ — ಮಲಗುವ ಕೋಣೆಯ ಬಾಗಿಲ ಸಂದಿಯಿಂದ ಅಷ್ಟೇ ಕಾಣುತ್ತದೆ, ಅಂಗೈಯಗಲದ ಪಾದ, ಗೋಡೆಗೆ ಒಂದು ಒದೆ, ಹಾಸಿಗೆಗೆ ಒಂದು ಒದೆ, ಎರಡೂವರೆ ವರ್ಷದ ಮಗಳ ಮಿಕ್ಕ ಭಾಗವೆಲ್ಲ ಬಾಗಿಲ ಮರೆಯಲ್ಲಿ, ಅಮ್ಮನ ಮಗ್ಗುಲಲ್ಲಿ, ಮನೆಯಲ್ಲಿ ಎಲ್ಲರೂ ಅವಳನ್ನು ಬುಗುರಿ ಎನ್ನುವುದು, ಬುಗುರಿಯಾದರೂ ಸುತ್ತಿ ಸುತ್ತಿ ಒಂದು ಕಡೆ ಬೀಳುತ್ತದೆ, ಇವಳು ಬೀಳುವುದೇ ಇಲ್ಲ. ಅಪ್ಪ ಬೂಟು ಕೈಯಲ್ಲಿ ಹಿಡಿದು ತನ್ನ ಮನೆಯಲ್ಲೇ ಕಳ್ಳನಂತೆ ನೆಲದ ಮೇಲೆ ಕೂತಿದ್ದಾನೆ, ಹನ್ನೊಂದು ವರ್ಷ ಊರಿನವರ ಲಿಫ್ಟು ರಿಪೇರಿ ಮಾಡಿದ ಕೈಗೆ ಸ್ವಂತ ಬಾಗಿಲನ್ನು ಸದ್ದಿಲ್ಲದೆ ತೆರೆಯಲು ಮೂರು ನಿಮಿಷ ಬೇಕಾಯಿತು. ಡೇ ಕೇರಿನ ಟೀಚರ್ ಶುಕ್ರವಾರದವರೆಗೆ ನೋಡ್ತೀನಿ ಅಂದಿದ್ದಾರೆ, ಮಗು ನಿದ್ದೆಗೆಟ್ಟು ಬರುತ್ತೆ ಸಾರ್, ಹತ್ತು ಗಂಟೆಗೆಲ್ಲ ಸಿಕ್ಕವರನ್ನ ಕಚ್ಚುತ್ತೆ, ಉಳಿದ ತಾಯಂದಿರಿಗೆ ನಾನೇನು ಹೇಳ್ಲಿ, ಅಲ್ಲಿಂದ ಬಿಡಿಸಿದರೆ ಹೆಂಡತಿ ಔಷಧಿ ಅಂಗಡಿಯ ಕೆಲಸ ಬಿಡಬೇಕು, ಹಟ ಹಿಡಿದು ಸೇರಿದ ಕೆಲಸ. ಲಿಫ್ಟಿನ ಬಾಗಿಲು ಮುಚ್ಚಿ ಮುಚ್ಚಿ ತೆರೆಯುತ್ತಿದ್ದರೆ ಒಂದೊಂದನ್ನೇ ಬದಲಿಸಿ ನೋಡಬೇಕು, ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತೆಂದು ದೇವರಿಗೂ ತಿಳಿಯದು, ಹಾಗಾಗಿ ರಿಪೇರಿ ಲೆಕ್ಕ ಬರೆಯುವ ಜಾಬ್ ಕಾರ್ಡಿನ ಬೆನ್ನಿಗೆ ದಿನಾ ಬರೆದುಕೊಂಡ — ಮಧ್ಯಾಹ್ನದ ನಿದ್ದೆ ಬಿಡಿಸಿದ್ದು, ದಣಿದರೆ ಬೇಗ ಮಲಗುತ್ತಾಳೆಂದು, ಎಲ್ಲಿ, ದಣಿದಷ್ಟೂ ಕುಣಿತ, ಚಾರ್ಜು ಇಳಿದಷ್ಟೂ ಜೋರಾಗಿ ಓಡುವ ಇದೆಂಥ ಯಂತ್ರ — ಮತ್ತೆ ಮಧ್ಯಾಹ್ನ ಮಲಗಿಸಿದ್ದು, ಸಂಜೆಯ ಸ್ನಾನ, ಮಂದ ದೀಪ, ದಿನವೂ ಒಂದೇ ಕಥೆ ಹೇಳಿದ್ದು, ಯಾವುದಕ್ಕೂ ಜಗ್ಗಲಿಲ್ಲ. ಫೋನಿನಲ್ಲಿ ಅವನ ಅಮ್ಮ ನಕ್ಕಳು, ನೀನೂ ಹೀಗೇ ಕಣೋ, ನಿನ್ನ ಮಲಗಿಸೋಕೆ ಹೋಗಿ ನಾನೇ ಗೊರಕೆ ಹೊಡೀತಿದ್ದೆ, ನೀನು ನನ್ನ ರೆಪ್ಪೆ ಬಿಡಿಸಿ ಒಳಗೆ ಯಾರಿದಾರೆ ಅಂತ ನೋಡ್ತಿದ್ದೆ.

ಭಾನುವಾರ ಮಾತ್ರ ಎಂಟೂಕಾಲಿಗೇ ಮಲಗಿಬಿಟ್ಟಳು, ಅಂದು ಹೊಸ ಚಾದರ ಹಾಸಿತ್ತು, ಸಿಕ್ಕಿತು ಕಾರಣ ಎಂದು ಅಡಿಗೆರೆ ಎಳೆದ, ಅಂಥದೇ ಇನ್ನೆರಡು ಚಾದರ ತಂದ, ಹೆಂಡತಿ ಅವನ್ನು ಮಡಚಿಡುತ್ತ, ಭಾನುವಾರ ನೀವೆಲ್ಲಿದ್ರಿ ಅಂತಲೂ ಬರ್ಕೊಳ್ಳಿ ಅಂದಳು, ಅಷ್ಟೇ. ಎಲ್ಲಿದ್ದೆ, ಒಂಬತ್ತನೇ ಮಹಡಿಯಲ್ಲಿ ಸಿಕ್ಕಿಕೊಂಡ ಲಿಫ್ಟಿನ ತಲೆಯ ಮೇಲೆ, ಹತ್ತೂವರೆವರೆಗೆ. ಉಳಿದ ದಿನಗಳಲ್ಲೆಲ್ಲ ಎಂಟೂ ಹತ್ತು, ಎಂಟೂ ಹತ್ತು — ಅವನ ಬೀಗದ ಕೈ ತಿರುಗುವ ಹೊತ್ತು, ಅರೆನಿದ್ದೆಯ ಬುಗುರಿ ಹಾಸಿಗೆಯಿಂದ ಹಾರುವ ಹೊತ್ತು, ಅಪ್ಪ ಮಂಡಿಯೂರಿ ಆನೆಯಾಗುವ ಹೊತ್ತು, ಮೂರು ಸುತ್ತು, ನಾಲ್ಕು, ಐದು. ದಿನಕ್ಕೆ ಮಗಳು ಅವನಿಗೆ ಸಿಗುವುದೇ ಆ ಅರ್ಧ ಗಂಟೆ, ಬೆಳಿಗ್ಗೆ ಏಳಕ್ಕೆ ಹೊರಡುವಾಗ ಅವಳಿಗೆ ಗಾಢ ನಿದ್ದೆ. ನಿನಗೆ ಮೊದಲೇ ಗೊತ್ತಿತ್ತಾ ಎಂದು ಹೆಂಡತಿಯನ್ನು ಕೇಳಿದ, ಗೊತ್ತಿತ್ತು, ಹೇಳೋಕೆ ಬಾಯಿ ಬರಲಿಲ್ಲ, ಆನೆಯಾದಾಗ ನಿಮ್ಮ ಮುಖ ನೀವು ನೋಡ್ಕೊಂಡಿಲ್ಲ, ಬೇಗ ಮಲಗಿದ್ರೆ ಬೇಗ ಏಳ್ತಾಳೆ, ಬೆಳಿಗ್ಗೆ ಆರಕ್ಕೆ ಆನೆಯಾಗಿ, ಯಾರು ಬೇಡ ಅಂದ್ರು. ಆರಕ್ಕೆ ಆನೆಯ ಮಂಡಿ ಮಡಚುತ್ತದೋ ಇಲ್ಲವೋ — ಎದ್ದಿತು ಪಾದ, ಗೋಡೆಗೆ ಒಂದು, ಅಮ್ಮಾ ಆನೆ ಬಂತಾ, ಇಲ್ಲ ಕಂದ, ಆನೆ ಮಲಗಿದೆ, ಎಲ್ಲಿ, ಅದರ ಮನೇಲಿ, ಹೊದ್ಕೊಂಡು. ಗಂಟಲು ಕೆರೆಯುತ್ತಿದೆ, ಒಂದು ಕೆಮ್ಮು ಸಾಕು, ಓಡಿ ಬಂದು ಕತ್ತಿಗೆ ಬೀಳುತ್ತಾಳೆ, ಒಂದೇ ಕೆಮ್ಮು, ಅವನು ಅಂಗೈಯಿಂದ ಬಾಯಿ ಮುಚ್ಚಿಕೊಂಡ, ನಿದ್ದೆ ಎಲ್ಲಿಂದ ಹತ್ತುತ್ತದೆ, ತಲೆಯಿಂದಲೋ ಕಾಲಿನಿಂದಲೋ, ಹೆಬ್ಬೆರಳು ಇನ್ನೂ ಎಚ್ಚರ, ಕಿರುಬೆರಳು ಆಗಲೇ ಇಲ್ಲ, ಪಾದ ಎದ್ದಿತು, ಗೋಡೆ ಮುಟ್ಟಲಿಲ್ಲ, ಅರ್ಧದಲ್ಲೇ ಏನೋ ಮರೆತಂತೆ ಇಳಿಯಿತು, ಮತ್ತೆ ಏಳುತ್ತದೆ, ಏಳದಿರಲಿ, ಏಳಲಿ, ಇನ್ನೊಂದು ಸಲ, ಒಂದೇ — ಪಾದ, ಹಾಸಿಗೆಯ ಅಂಚಿನಲ್ಲಿ, ಅಂಗಾಲು ಅವನ ಕಡೆಗೆ, ಕದಲದೆ